ಅನುಪಾಲನಾ ಗೃಹದಿಂದ ಮನೆಗೆ: ಕರೆತರುವ ಮುನ್ನ, ಕರೆತಂದ ಮೇಲೆ

ಬೌದ್ಧಿಕ ವೈಕಲ್ಯವಿರುವ ಹೆಣ್ಣುಮಗಳೊಬ್ಬಳು ಹತ್ತು ಹದಿನೈದು ವರ್ಷ ಸರ್ಕಾರಿ ಗೃಹದಲ್ಲೋ ಖಾಸಗಿ ಆಶ್ರಮದಲ್ಲೋ ಕಳೆದು ಹೊರಗೆ ಬರುವ ದಿನ ಅಲ್ಲಿನ ಕಚೇರಿಯಲ್ಲಿ ಆಗುವ ಕೆಲಸ ಬಹಳ ಸಣ್ಣದು. ಮುಚ್ಚಳಿಕೆಗೆ ಒಂದು ಸಹಿ, ಒಂದು ಚೀಲ ಬಟ್ಟೆ, ಮಾತ್ರೆಯ ಪೊಟ್ಟಣ. ಅದಕ್ಕೆ ಮುಂಚೆ ಮತ್ತು ಆಮೇಲೆ ಮಾಡಬೇಕಾದ ಕೆಲಸ ಮಾತ್ರ ತಿಂಗಳುಗಟ್ಟಲೆಯದು. ಅದನ್ನು ಹೇಳಿಕೊಡುವವರು ಕಡಿಮೆ. ತಂಗಿಯನ್ನೋ ಮಗಳನ್ನೋ ನಾದಿನಿಯನ್ನೋ ಮನೆಗೆ ಕರೆತರಬೇಕೆಂದು ಯೋಚಿಸುತ್ತಿರುವವರಿಗಾಗಿ, ಅಂಥ ಮನೆಗಳ ಜೊತೆ ನಿಲ್ಲುವ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗಾಗಿ, ಆಶಾ ಕಾರ್ಯಕರ್ತೆಯರಿಗಾಗಿ ಈ ಬರಹ.

ಎಷ್ಟು ಹೊತ್ತಿಗೆ ಏಳಬೇಕು, ಏನು ತಿನ್ನಬೇಕು, ಯಾರ ಪಕ್ಕ ಮಲಗಬೇಕು, ತಲೆಗೂದಲು ಎಷ್ಟುದ್ದ ಇರಬೇಕು ಎಂಬುದನ್ನೆಲ್ಲ ಬೇರೆಯವರು ತೀರ್ಮಾನಿಸುವ ಜಾಗದಿಂದ ಆಕೆ ಬರುತ್ತಿದ್ದಾಳೆ. ಮನೆಯಲ್ಲೂ ಬೇರೆಯವರೇ ಎಲ್ಲವನ್ನೂ ತೀರ್ಮಾನಿಸಿದರೆ, ಹಿತ್ತಿಲ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದರೆ, ಆಕೆಯ ಪಾಲಿಗೆ ಗೋಡೆ ಬದಲಾಗಿರುತ್ತದೆ, ಅಷ್ಟೆ. ಮನೆ ಇನ್ನೊಂದು ಸಂಸ್ಥೆಯಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಕಾನೂನು ಏನು ಹೇಳುತ್ತದೆ

ಬುದ್ಧಿಯ ಬೆಳವಣಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ ವಯಸ್ಕ ಹೆಣ್ಣುಮಗಳನ್ನು ಸಂಸ್ಥೆಯಲ್ಲಿ ಇಟ್ಟುಕೊಳ್ಳುವ ಅಧಿಕಾರವನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಯಾರಿಗೂ ಕೊಟ್ಟಿಲ್ಲ. ಅದರ ಸೆಕ್ಷನ್ 5 ಸ್ಪಷ್ಟವಾಗಿದೆ: ಅಂಗವಿಕಲರಿಗೆ ಸಮುದಾಯದ ನಡುವೆ ಬದುಕುವ ಹಕ್ಕಿದೆ, ಇಂಥ ಕಡೆಯೇ ವಾಸಿಸಬೇಕೆಂದು ಅವರನ್ನು ಕಟ್ಟಿಹಾಕುವಂತಿಲ್ಲ. 2007ರಲ್ಲಿ ಭಾರತ ಒಪ್ಪಿ ಸಹಿ ಹಾಕಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ ಈ ಮಾತಿನ ಬೇರು.

ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ವರ್ಷಗಟ್ಟಲೆ ಉಳಿದುಬಿಟ್ಟವರ ವಿಷಯ ಸ್ವಲ್ಪ ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬೌದ್ಧಿಕ ವೈಕಲ್ಯವನ್ನು ಮಾನಸಿಕ ಕಾಯಿಲೆಯೆಂದು ಪರಿಗಣಿಸುವುದೇ ಇಲ್ಲ. ಎರಡೂ ಇರುವವರಿಗೆ ಅದರ ಸೆಕ್ಷನ್ 19 ನೆರವಾಗುತ್ತದೆ. ಮನೆಯವರಿಲ್ಲ, ಮನೆಯವರು ಸೇರಿಸಿಕೊಳ್ಳುತ್ತಿಲ್ಲ, ಇರಲು ಜಾಗವಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದು ಎನ್ನುತ್ತದೆ ಅದು. ಕಾಯಿಲೆಯೇ ಇಲ್ಲದೆ ವೈಕಲ್ಯವಷ್ಟೇ ಇರುವಾಕೆ ಆ ವಾರ್ಡಿನಲ್ಲಿದ್ದರೆ, ಏಕೆ ಇಟ್ಟುಕೊಂಡಿದ್ದೀರಿ ಎಂದು ಬರವಣಿಗೆಯಲ್ಲಿ ಕೇಳಿ.

ಕಾನೂನಿನಲ್ಲಿ ಹೀಗೆಲ್ಲ ಏಕೆ ಬರೆಯಬೇಕಾಯಿತು ಎಂಬುದಕ್ಕೆ ದಾಖಲೆಗಳಿವೆ. ಮನೋರೋಗ ಅಥವಾ ಬೌದ್ಧಿಕ ವೈಕಲ್ಯವಿರುವ ಮಹಿಳೆಯರು ಭಾರತದ ಸಂಸ್ಥೆಗಳಲ್ಲಿ ಹೇಗಿದ್ದಾರೆ ಎಂದು ಹ್ಯೂಮನ್ ರೈಟ್ಸ್ ವಾಚ್ 2014ರಲ್ಲಿ ವರದಿ ಪ್ರಕಟಿಸಿತು. ಅದಕ್ಕಾಗಿ ನೋಡಿದ ಆರು ನಗರಗಳಲ್ಲಿ ಬೆಂಗಳೂರು, ಮೈಸೂರು ಎರಡೂ ಇದ್ದವು. ಕಿಕ್ಕಿರಿದ ಕೋಣೆಗಳು, ಕೊಳಕು, ಹಿಂಸೆ, ಕೇಳದೆ ಹೇಳದೆ ಕೊಡುವ ಚಿಕಿತ್ಸೆ, ಇವೆಲ್ಲ ಅದರಲ್ಲಿ ದಾಖಲಾಗಿವೆ.

ಆಕೆಯನ್ನು ಮನೆಗೆ ಕಳಿಸಿಕೊಡಿ ಎಂಬ ಅರ್ಜಿ ಮೊದಲು ಸಂಸ್ಥೆಯ ಅಧೀಕ್ಷಕರಿಗೆ ಹೋಗಲಿ. ಅದರ ಒಂದು ಪ್ರತಿಯನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನ್ಯಾಯಾಲಯದ ಅಥವಾ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಆಕೆಯನ್ನು ಅಲ್ಲಿ ಸೇರಿಸಿದ್ದರೆ ಆ ಆದೇಶದ ನಕಲು ಬೇಕು. ಕಚೇರಿಗಳು ಸತಾಯಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಅಂಗವಿಕಲರಿಗೆ ವರಮಾನ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100. ಬೆಂಗಳೂರಿನಲ್ಲಿ ರಾಜ್ಯದ ಅಂಗವಿಕಲರ ಆಯುಕ್ತರ ಕಚೇರಿಯೂ ದೂರು ಕೇಳುತ್ತದೆ.

ಬಾಲಮಂದಿರದಲ್ಲಿರುವ ಹುಡುಗಿಯರ ಬಗ್ಗೆ ಒಂದು ಎಚ್ಚರಿಕೆ. ವಯಸ್ಸು 18 ತುಂಬಿದ ಕೂಡಲೇ ಅವರನ್ನು ವಯಸ್ಕ ಮಹಿಳೆಯರ ಗೃಹಕ್ಕೆ ಸಾಗಿಸುವುದುಂಟು. ಅಲ್ಲಿಗೆ ಹೋದ ಮೇಲೆ ಹೊರಬರುವುದು ಇನ್ನೂ ಕಷ್ಟ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 46ರ ಪ್ರಕಾರ 18ರಿಂದ 21ರ ತನಕ ಅನುಪಾಲನೆಯ ನೆರವು ಸಿಗಬೇಕು. ಹುಡುಗಿಗೆ 17 ಆದಾಗಲೇ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಈ ಮಾತೆತ್ತಿ.

ಆಕೆಯ ಮನಸ್ಸು ತಿಳಿಯುವುದು

“ಮನೆಗೆ ಬರ್ತೀಯಾ?” ಎಂದರೆ “ಹೂಂ” ಅನ್ನುತ್ತಾಳೆ. “ಇಲ್ಲೇ ಇರ್ತೀಯಾ?” ಎಂದರೂ “ಹೂಂ” ಅನ್ನುತ್ತಾಳೆ. ಎದುರಾಡಿದರೆ ಪೆಟ್ಟು, ಒಪ್ಪಿಕೊಂಡರೆ ನೆಮ್ಮದಿ ಎಂದು ಕಲಿತ ಬಾಯಿ ಅದು. ಈ ಹೂಂಗುಟ್ಟುವಿಕೆಯನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ.

ಕೈಗೆ ಸಿಗುವ, ಕಣ್ಣಿಗೆ ಕಾಣುವ ವಸ್ತುಗಳಿಂದ ಆರಂಭಿಸಿ. ಎರಡು ಬಣ್ಣದ ಬಳೆ ಮುಂದಿಟ್ಟು ಯಾವುದು ಬೇಕು ಎನ್ನಿ. ನಾಳೆ ಅದೇ ಬಳೆಗಳನ್ನು ಅದಲುಬದಲು ಮಾಡಿಡಿ. ಕೊನೆಗೆ ಹೇಳಿದ್ದನ್ನೇ ಆರಿಸುವ ಅಭ್ಯಾಸ ಅನೇಕರಿಗಿರುತ್ತದೆ, ಹಾಗಾಗಿ ಪ್ರಶ್ನೆಯ ಕ್ರಮವನ್ನೂ ತಿರುಗಿಸಿ ಕೇಳಿ. ಮಾತು ಬಾರದವರು ಮುಖ ತಿರುಗಿಸುತ್ತಾರೆ, ಕೈ ಹಿಡಿದುಕೊಳ್ಳುತ್ತಾರೆ, ನಿಮ್ಮ ಚಪ್ಪಲಿ ತಂದು ನಿಮ್ಮ ಮುಂದೆ ಇಡುತ್ತಾರೆ. ಅದೂ ಉತ್ತರವೇ. ಮನೆಯ ಮುಂಬಾಗಿಲು, ಮಲಗುವ ಜಾಗ, ಅಡುಗೆಮನೆ, ಬೀದಿ, ಮನೆಯಲ್ಲಿರುವ ಪ್ರತಿಯೊಬ್ಬರ ಮುಖ, ಎಲ್ಲವನ್ನೂ ಫೋನಿನಲ್ಲಿ ಚಿತ್ರ ತೆಗೆದು, ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಆಕೆಯ ಬಳಿಯೇ ಬಿಟ್ಟುಬನ್ನಿ. ಯಾವ ಮುಖ ಕಂಡರೆ ನಗುತ್ತಾಳೆ, ಯಾವುದನ್ನು ಕಂಡರೆ ಮಗುಚಿಡುತ್ತಾಳೆ ಎಂದು ಗಮನಿಸುವಂತೆ ಅಲ್ಲಿನ ಆಯಾಗೆ ಹೇಳಿ. ದಿನವೂ ತಲೆ ಬಾಚುವ ಆಯಾಗೆ ಅಧಿಕಾರಿಗಳಿಗಿಂತ ಹೆಚ್ಚು ಗೊತ್ತಿರುತ್ತದೆ.

ಹಗಲಿಗೆ ಬಂದು ಹೋಗಲಿ. ಒಂದು ರಾತ್ರಿ ಉಳಿಯಲಿ. ಹಬ್ಬಕ್ಕೆ ನಾಲ್ಕು ದಿನ ಇರಲಿ. ಹಬ್ಬದ ಸಡಗರ ನೋಡಿ ಮನೆಯೆಂದರೆ ಸದಾ ಹೀಗೇ ಎಂದುಕೊಳ್ಳದಂತೆ, ಏನೂ ವಿಶೇಷವಿಲ್ಲದ ಮಂಗಳವಾರವೊಂದರಲ್ಲೂ ಇರಲಿ.

ಊರು ಹುಡುಕುವಾಗ, ಮನೆ ನೋಡುವಾಗ

ಕೆಲವರ ಕಡತದಲ್ಲಿ ಊರೇ ಇರುವುದಿಲ್ಲ. ಬಸ್ ನಿಲ್ದಾಣದಲ್ಲಿ ಸಿಕ್ಕವಳು, ರೈಲಿನಲ್ಲಿ ಸಿಕ್ಕವಳು ಎಂದಷ್ಟೇ ಬರೆದಿರುತ್ತಾರೆ. ಹೆಸರೂ ಅಲ್ಲಿಯೇ ಇಟ್ಟದ್ದು. ಆದರೂ ಊರು ಮಾತಿನಲ್ಲಿ ಉಳಿದಿರುತ್ತದೆ. ರೊಟ್ಟಿ ಬಡಿಯುವ ಹಾಗೆ ಅಂಗೈ ಆಡಿಸುತ್ತಾಳೋ, ಮುದ್ದೆ ಕಟ್ಟುವ ಹಾಗೆ ಉರುಳಿಸುತ್ತಾಳೋ ನೋಡಿ. ಅಮ್ಮನನ್ನು ಅವ್ವ ಎನ್ನುತ್ತಾಳೋ, ಅಬ್ಬೆ ಎನ್ನುತ್ತಾಳೋ, ಅಪ್ಪೆ ಎನ್ನುತ್ತಾಳೋ ಕೇಳಿಸಿಕೊಳ್ಳಿ. ಜಾತ್ರೆಯ ತೇರು, ಕೊಂಡ, ಭೂತದ ಕೋಲ ಇವುಗಳ ಚಿತ್ರ ತೋರಿಸಿದಾಗ ಯಾವುದಕ್ಕೆ ಕಣ್ಣರಳುತ್ತದೆ ಎಂದು ಗಮನಿಸಿ. ಆಧಾರ್‌ಗಾಗಿ ಬೆರಳಚ್ಚು ಕೊಡಲು ಹೋದಾಗ ಹಳೆಯ ನೋಂದಣಿ ಸಿಕ್ಕು, ಕಳೆದುಹೋದವರು ಮನೆ ಸೇರಿದ ಪ್ರಸಂಗಗಳು ದೇಶದಲ್ಲಿ ಹಲವು ಆಗಿವೆ. ಹಾಗಾಗಿ ಅದನ್ನೂ ಪ್ರಯತ್ನಿಸಿ.

ಮನೆ ಸಿಕ್ಕಿತೆಂದು ಆ ಸಂಜೆಯೇ ಒಪ್ಪಿಸಿ ಬರುವುದನ್ನು ನಾನು ಒಪ್ಪುವುದಿಲ್ಲ. ಆಕೆ ದಾರಿ ತಪ್ಪಿ ಬಂದವಳೋ, ಓಡಿ ಬಂದವಳೋ, ಯಾರೋ ಬಿಟ್ಟುಹೋದವಳೋ ಮೊದಲು ತಿಳಿಯಬೇಕು. ಮನೆಯ ಗಂಡಸೊಬ್ಬನ ಚಿತ್ರ ಕಂಡರೆ ಮುದುಡುತ್ತಾಳೆ ಎಂದಾದರೆ ಆ ಮನೆ ಬೇಡ. ಅಜ್ಜಿಯ ಮನೆ, ಚಿಕ್ಕಮ್ಮನ ಮನೆ, ಅಕ್ಕನ ಮನೆ ನೋಡಬಹುದು.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕರೆತರುವ ತೀರ್ಮಾನ ಅಣ್ಣನದು, ನೋಡಿಕೊಳ್ಳುವ ಕೆಲಸ ಅತ್ತಿಗೆಯದು, ನಮ್ಮ ಮನೆಗಳಲ್ಲಿ ನಡೆಯುವುದೇ ಹೀಗೆ. ಅತ್ತಿಗೆಯನ್ನು ಕೇಳದೆ ಮಾಡಿದ ತೀರ್ಮಾನ ವರ್ಷ ತುಂಬುವುದರೊಳಗೆ ಮುರಿದುಬೀಳುತ್ತದೆ. ಬೆಳಗಿನ ಸ್ನಾನಕ್ಕೆ ಯಾರು ನೆರವಾಗುತ್ತಾರೆ, ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ಅತ್ತಿಗೆ ತವರಿಗೆ ಹೋದಾಗ ಯಾರು ಇರುತ್ತಾರೆ ಎಂದು ಎಲ್ಲರೂ ಕೂತು ಹೆಸರು ಹಿಡಿದು ಬರೆಯಿರಿ. ಅಣ್ಣ ತಮ್ಮಂದಿರು, ಬೆಳೆದ ಮಕ್ಕಳು ಎಲ್ಲರ ಹೆಸರೂ ಆ ಕಾಗದದಲ್ಲಿರಲಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ಸಮರ್ಥ್’ ಯೋಜನೆಯಲ್ಲಿ, ಮನೆಯವರಿಗೆ ಬಿಡುವು ಬೇಕಾದಾಗ ಕೆಲವು ದಿನ ನೋಡಿಕೊಳ್ಳುವ ಕೇಂದ್ರಗಳಿಗೆ ಅವಕಾಶವಿದೆ. ನಿಮ್ಮ ಜಿಲ್ಲೆಯಲ್ಲಿ ಇದೆಯೇ ಎಂದು ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ಕೇಳಿ.

ಕಡತ ಮತ್ತು ಮಾತ್ರೆ

ಹೊರಡುವ ಮುನ್ನ ಸಂಸ್ಥೆಯಿಂದ ಕಾಗದ ಪತ್ರಗಳನ್ನು ಪಡೆಯುವುದು ಬಟ್ಟೆಯ ಚೀಲಕ್ಕಿಂತ ಮುಖ್ಯ. ಸೇರಿಸಿದ ದಿನದ ದಾಖಲೆ, ಆರೋಗ್ಯ ಕಡತ, ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಆದ ಶಸ್ತ್ರಚಿಕಿತ್ಸೆಗಳ ವಿವರ, ಅಂಗವೈಕಲ್ಯ ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್. ಆಕೆಯ ಹೆಸರಿಗೆ ಮಾಸಾಶನ ಬರುತ್ತಿತ್ತೇ, ಬರುತ್ತಿದ್ದರೆ ಆ ಹಣ ಎಲ್ಲಿದೆ ಎಂದೂ ಕೇಳಿ. ಕೇಳಲು ಸಂಕೋಚ ಬೇಡ, ಹಣ ಆಕೆಯದು.

ಮಾತ್ರೆಗಳ ಬಗ್ಗೆ ಎರಡು ಮಾತು ನೆನಪಿರಲಿ. ಮೂರ್ಛೆರೋಗದ ಮಾತ್ರೆ ಒಂದು ದಿನವೂ ತಪ್ಪಬಾರದು. ಆಕೆ ಬರುವ ಮೊದಲೇ ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಲಿ. ಇನ್ನೊಂದು, ಗಲಾಟೆ ಮಾಡದಿರಲಿ ಎಂದು ಮನೋರೋಗದ ಗಟ್ಟಿ ಮಾತ್ರೆ ಕೊಟ್ಟು ಮಂಕು ಹಿಡಿಸಿರುವುದು ಸಂಸ್ಥೆಗಳಲ್ಲಿ ಹೊಸದಲ್ಲ. ಅದನ್ನು ನೀವಾಗಿಯೇ ನಿಲ್ಲಿಸಬೇಡಿ, ಹಠಾತ್ತನೆ ಬಿಟ್ಟರೆ ಅಪಾಯ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಮುಂದೆ ಪೊಟ್ಟಣ ಇಟ್ಟು, “ಇದು ಯಾವ ಕಾಯಿಲೆಗೆ ಡಾಕ್ಟ್ರೇ? ಕಡಿಮೆ ಮಾಡಬಹುದಾ?” ಎಂದು ಒಂದೊಂದನ್ನೇ ಕೇಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎರಡೂ ಕಡೆ ಹೊರರೋಗಿ ವಿಭಾಗವಿದೆ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ 14416 ಟೆಲಿ ಮಾನಸ್‌ಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ.

ಮೊದಲ ತಿಂಗಳಲ್ಲೇ ಕಣ್ಣು, ಕಿವಿ, ಹಲ್ಲು ತೋರಿಸಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ತೊಂದರೆ ಸಾಮಾನ್ಯ, ಮುಟ್ಟು ನಿಲ್ಲುವುದೂ ಬೇಗ, ಮರೆವಿನ ಕಾಯಿಲೆಯೂ ನಲವತ್ತು ಐವತ್ತರಲ್ಲೇ ತಲೆದೋರಬಹುದು. ಇದ್ದಕ್ಕಿದ್ದಂತೆ ಕೂಗಾಡುವುದು, ತಲೆ ಚಚ್ಚಿಕೊಳ್ಳುವುದು ಶುರುವಾದರೆ ಹುಳುಕು ಹಲ್ಲು, ಕಿವಿನೋವು, ಮಲಬದ್ಧತೆ ಇವುಗಳನ್ನು ಮೊದಲು ನೋಡಿಸಿ. ನೋವನ್ನು ಹೇಳಲಾರದವರು ಹೀಗೆಯೇ ತೋರಿಸುವುದು. ಸಂಸ್ಥೆಗಳಲ್ಲಿ ಎಷ್ಟೋ ಸಲ ಇದನ್ನೇ ಹುಚ್ಚು ಎಂದುಕೊಂಡು ಮಾತ್ರೆ ಹೆಚ್ಚಿಸಿಬಿಡುತ್ತಾರೆ.

ಮೊದಲ ತಿಂಗಳುಗಳು

ಬೆಳಗಿನ ಐದಕ್ಕೇ ಎದ್ದು ಸಾಲಿಗೆ ನಿಂತಂತೆ ನಿಲ್ಲಬಹುದು. ತಟ್ಟೆಯನ್ನು ತೋಳಿನಿಂದ ಮರೆಮಾಡಿ ಗಬಗಬ ತಿನ್ನಬಹುದು. ಬಿಸ್ಕತ್ತು, ಸೋಪಿನ ಚೂರು, ಹಳೆಯ ಚಿಂದಿ ದಿಂಬಿನಡಿ ಸೇರಬಹುದು. ಮೂತ್ರಕ್ಕೆ ಹೋಗಲೂ ಅಪ್ಪಣೆ ಕೇಳಬಹುದು. ಬೈದರೆ ಇವು ಹೋಗುವುದಿಲ್ಲ. ಊಟ ನಾಳೆಯೂ ಇರುತ್ತದೆ ಎಂಬ ನಂಬಿಕೆ ಹುಟ್ಟಿದ ಮೇಲೆ ತಾವಾಗಿಯೇ ಸಡಿಲವಾಗುತ್ತವೆ. ಅಲ್ಲಿಯವರೆಗೆ ಆಕೆಯ ಕೈಗೆ ಸಿಗುವಲ್ಲಿ ಒಂದು ಡಬ್ಬಿ ಇಡಿ, ಅದರಲ್ಲಿ ಸದಾ ಏನಾದರೂ ತಿನ್ನುವುದು ಇರಲಿ, ಅದನ್ನು ಬೇರೆ ಯಾರೂ ಮುಟ್ಟದಿರಲಿ.

ಸ್ವಂತದ್ದೆನ್ನುವುದು ಬೇಗ ಬೇಕು. ಬೀಗವಿರುವ ಸಣ್ಣ ಟ್ರಂಕು, ಅದರ ಕೀಲಿ ಆಕೆಯ ಕೊರಳಲ್ಲಿ. ಆಕೆಯೇ ಅಂಗಡಿಗೆ ಬಂದು ಆರಿಸಿದ ಎರಡು ಜೊತೆ ಬಟ್ಟೆ. ಬೇರೆ ಬಾಚಣಿಗೆ, ಬೇರೆ ಟವೆಲ್. ಕೂದಲನ್ನು ಬೆಳೆಸುತ್ತಾಳೋ ಕತ್ತರಿಸುತ್ತಾಳೋ ಆಕೆಗೆ ಬಿಟ್ಟದ್ದು. ಹೇನಿನ ನೆಪದಲ್ಲಿ ಎಷ್ಟೋ ವರ್ಷ ತಲೆ ಬೋಳಿಸಿಕೊಂಡವಳಿಗೆ ಜಡೆ ದೊಡ್ಡ ಆಸ್ತಿ.

ಒಬ್ಬಳೇ ಮಲಗಲು ಹೆದರಬಹುದು. ಇಪ್ಪತ್ತು ಜನರ ಉಸಿರಿನ ಸದ್ದಿನಲ್ಲಿ ನಿದ್ದೆ ಮಾಡಿದವಳಿಗೆ ಪ್ರತ್ಯೇಕ ಕೋಣೆಯ ಮೌನ ಸಹಿಸಲಾಗದು. ಅಲ್ಲಿ ಬಿಟ್ಟುಬಂದ ಗೆಳತಿಯ ಹೆಸರನ್ನು ಪದೇ ಪದೇ ಹೇಳಬಹುದು. ಇದನ್ನು ಮನೆಯವರು ತಪ್ಪು ತಿಳಿಯುತ್ತಾರೆ: “ಇಷ್ಟೆಲ್ಲ ಮಾಡಿದರೂ ಅಲ್ಲಿಯದೇ ಧ್ಯಾನ.” ಆದರೆ ಆಕೆಗೆ ಒಡನಾಡಿಗಳೆಂದು ಇದ್ದವರು ಅವರೇ. ಫೋನಿನಲ್ಲಿ ಮಾತನಾಡಿಸಿ, ಆಕೆ ಬಯಸಿದರೆ ಒಂದು ದಿನ ಕರೆದೊಯ್ದು ತೋರಿಸಿ ಬನ್ನಿ, ಸಂಜೆ ವಾಪಸ್ ಮನೆಗೇ ಬರುತ್ತೇವೆಂದು ಮೊದಲೇ ಹೇಳಿ. ಸಿಟ್ಟಿನಲ್ಲೂ ಎಂದೂ ಆಡಬಾರದ ಮಾತೊಂದಿದೆ: “ಮತ್ತೆ ಅಲ್ಲಿಗೇ ಕಳಿಸಿಬಿಡ್ತೀನಿ.”

ಹಗಲಿಗೆ ಕೆಲಸ ಬೇಕು. ತರಕಾರಿ ಹೆಚ್ಚುವುದು, ಹೂ ಕಟ್ಟುವುದು, ಕೋಳಿಗೆ ಕಾಳು ಹಾಕುವುದು, ಎಲ್ಲವನ್ನೂ ಸಣ್ಣ ಸಣ್ಣ ಹೆಜ್ಜೆಯಾಗಿ ಮಾಡಿ, ಜೊತೆಗೆ ನಿಂತು ತೋರಿಸಿ, ನಿಧಾನವಾಗಿ ಕೈ ಬಿಡಿ. ಆದರೆ ಮನೆಯ ಪಾತ್ರೆ, ಬಟ್ಟೆ, ಸೆಗಣಿ ಎಲ್ಲವೂ ಸದ್ದಿಲ್ಲದೆ ಆಕೆಯ ಪಾಲಾಗುತ್ತಿವೆಯೇ ಎಂದು ತಿಂಗಳಿಗೊಮ್ಮೆ ನೋಡಿಕೊಳ್ಳಿ. ಸಂಬಳವಿಲ್ಲದ ಆಳೊಬ್ಬಳು ಸಿಕ್ಕಳೆಂಬಂತೆ ನಡೆಸಿಕೊಳ್ಳುವ ಮನೆಗಳಿವೆ. ಇತರರಷ್ಟೇ ಕೆಲಸ, ಇತರರಷ್ಟೇ ಬಿಡುವು. ಹೊರಗೆ ದುಡಿದರೆ ಕೂಲಿ ಆಕೆಯ ಕೈಗೇ ಬರಲಿ.

ಹೊರಗೆ ಓಡಾಡುವುದನ್ನು ಬಸ್ಸಿನಿಂದ ಕಲಿಸಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯುವುದನ್ನು ಜೊತೆಗಿದ್ದು ಅಭ್ಯಾಸ ಮಾಡಿಸಿ. ಮನೆಯ ಫೋನ್ ನಂಬರ್ ಬರೆದ ಚೀಟಿ ಚೀಲದಲ್ಲಿರಲಿ. ಬೀದಿಯ ಕಿರಾಣಿ ಅಂಗಡಿಯವರಿಗೆ, ಹಾಲಿನವರಿಗೆ, ಆಟೊ ನಿಲ್ದಾಣದವರಿಗೆ ಹೆಸರು ಹೇಳಿ ಪರಿಚಯಿಸಿ. ಊರಿನ ನಾಲ್ಕಾರು ಜನ ಹೆಸರು ಹಿಡಿದು ಕರೆಯುವ ಹೆಣ್ಣುಮಗಳು, ಮುಚ್ಚಿದ ಬಾಗಿಲ ಹಿಂದಿರುವವಳಿಗಿಂತ ಸುರಕ್ಷಿತ.

ಮೈ, ಮುಟ್ಟು, ಭಯ

ಬಹುಪಾಲು ಮನೆಗಳು ಹಿಂಜರಿಯುವುದು ಇಲ್ಲಿ. “ಮುಟ್ಟಾದಾಗ ಹೇಗೆ? ಯಾರಾದರೂ ಕೆಡಿಸಿಬಿಟ್ಟರೆ?” ಎರಡೂ ನಿಜವಾದ ಚಿಂತೆಗಳೇ. ಅವಕ್ಕೆ ನಮ್ಮ ಸಮಾಜ ಹುಡುಕಿದ ಉತ್ತರಗಳು ಮಾತ್ರ ಕ್ರೂರ. ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ಗೃಹದಲ್ಲಿದ್ದ ಹುಡುಗಿಯರ ಗರ್ಭಕೋಶವನ್ನು 1994ರ ಫೆಬ್ರುವರಿಯಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ತೆಗೆಸಿಹಾಕಿದರು. ಮುಟ್ಟಿನ ಶುಚಿ ನೋಡಿಕೊಳ್ಳಲಾರರು ಎಂಬುದು ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ ಅದು ನಿಂತಿತು. ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ, ಅತ್ಯಾಚಾರ ನಿಲ್ಲುವುದಿಲ್ಲ. ಗರ್ಭವೂ ನಿಲ್ಲದಿದ್ದಾಗ ಅತ್ಯಾಚಾರಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಈಗ 2016ರ ಕಾಯ್ದೆಯ ಸೆಕ್ಷನ್ 10ರ ಪ್ರಕಾರ, ಆಕೆ ತಿಳಿದು ಸ್ವಂತ ಮನಸ್ಸಿನಿಂದ ಒಪ್ಪದೆ ಸಂತಾನಶಕ್ತಿ ಕಳೆಯುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ವೈದ್ಯರೇ ಸಲಹೆ ಕೊಟ್ಟರೂ ಈ ಸೆಕ್ಷನ್ ನೆನಪಿಸಿ.

ಸಂಸ್ಥೆಯಿಂದ ಬಂದಾಕೆಯ ಹೊಟ್ಟೆಯ ಮೇಲೆ ಗಾಯದ ಗುರುತಿದ್ದರೆ, ಮುಟ್ಟೇ ಬರುತ್ತಿಲ್ಲವಾದರೆ, ಸ್ತ್ರೀರೋಗ ತಜ್ಞೆಯ ಬಳಿ ಸ್ಕ್ಯಾನ್ ಮಾಡಿಸಿ. ವಂಕಿ ಹಾಕಿರಬಹುದು, ಮೂರು ತಿಂಗಳಿಗೊಮ್ಮೆ ಗರ್ಭನಿರೋಧಕ ಚುಚ್ಚುಮದ್ದು ಕೊಡುತ್ತಿರಬಹುದು. ಗೊತ್ತಾದದ್ದನ್ನು ಆಕೆಗೂ ಅರ್ಥವಾಗುವಂತೆ ಹೇಳಿ. ಪರೀಕ್ಷೆ ಮಾಡುವಾಗ ಆಕೆ ನಂಬುವ ಹೆಂಗಸೊಬ್ಬರು ಕೈ ಹಿಡಿದು ಪಕ್ಕದಲ್ಲಿರಲಿ. ಬೇಡವೆಂದರೆ ಆ ದಿನ ಬೇಡ.

ಮುಟ್ಟನ್ನು ಕಲಿಸಬಹುದು. ವಿಶೇಷ ಶಿಕ್ಷಕಿಯರು ಮಾಡುವ ಕ್ರಮ ಸರಳ: ಒಳಉಡುಪಿಗೆ ಪ್ಯಾಡ್ ಅಂಟಿಸುವುದನ್ನು ಮುಟ್ಟಿಲ್ಲದ ದಿನಗಳಲ್ಲೇ ಅಭ್ಯಾಸ ಮಾಡಿಸುವುದು, ಕುಂಕುಮದ ನೀರು ಹಾಕಿ ಯಾವಾಗ ಬದಲಿಸಬೇಕೆಂದು ತೋರಿಸುವುದು, ಕ್ಯಾಲೆಂಡರಿನಲ್ಲಿ ಕೆಂಪು ಚುಕ್ಕೆ ಇಡಿಸುವುದು, ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಒಂದೇ ಜಾಗದಲ್ಲಿ ಹಾಕಿಸುವುದು. ಹಲವರು ಕೆಲವು ತಿಂಗಳಲ್ಲಿ ಕಲಿಯುತ್ತಾರೆ. ಪೂರ್ತಿ ಕಲಿಯದವರಿಗೆ ಒಬ್ಬರ ನೆರವು ಬೇಕು, ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಹೊರಗೆ ಕೂರಿಸುವ ಪದ್ಧತಿ ಮನೆಯಲ್ಲಿದ್ದರೆ ಆಕೆಯ ವಿಷಯದಲ್ಲಿ ಬಿಟ್ಟುಬಿಡಿ. ಒಂಟಿಯಾಗಿ ಹೊರಗಿಟ್ಟರೆ ಶಿಕ್ಷೆಯೆಂದೇ ಆಕೆಗೆ ಅನ್ನಿಸುತ್ತದೆ.

ಮೈಯ ಎಲ್ಲ ಭಾಗಗಳ ಹೆಸರನ್ನೂ ಕಲಿಸಿ. ಹೆಸರು ಗೊತ್ತಿಲ್ಲದ ಜಾಗದ ಬಗ್ಗೆ ಯಾರೂ ದೂರು ಹೇಳಲಾರರು. ಸ್ನಾನ ಮಾಡಿಸುವಾಗಲೂ “ಈಗ ಬೆನ್ನು ತಿಕ್ಕಲಾ?” ಎಂದು ಕೇಳಿ ಮುಟ್ಟಿ. ಹತ್ತಾರು ಜನರ ಮುಂದೆ ಬಟ್ಟೆ ಬಿಚ್ಚಿ ಅಭ್ಯಾಸವಾದವಳಿಗೆ ಮರೆ ಎಂದರೇನೆಂದು ಮತ್ತೆ ಕಲಿಯಬೇಕಾಗುತ್ತದೆ. ಬಚ್ಚಲಿಗೆ ಒಳಚಿಲಕ ಇರಲಿ, ಮೂರ್ಛೆ ಬರುವವರಾದರೆ ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿಸಿ. “ಬೇಡ” ಎಂದಾಗ ಮನೆಯವರು ಅದಕ್ಕೆ ಬೆಲೆ ಕೊಟ್ಟರೆ ಮಾತ್ರ ಹೊರಗಿನವರಿಗೂ “ಬೇಡ” ಎನ್ನುವ ಧೈರ್ಯ ಬರುತ್ತದೆ.

ಅನಾಹುತ ನಡೆದರೆ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಗವಿಕಲ ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ ಕಠಿಣ ಸಜೆಯಿದೆ. ಠಾಣೆಗೇ ಬರಬೇಕೆಂದಿಲ್ಲ: ಆಕೆಯ ಮನೆಯಲ್ಲೋ ಆಕೆಗೆ ಅನುಕೂಲವಾದ ಜಾಗದಲ್ಲೋ, ವಿಶೇಷ ಶಿಕ್ಷಕರ ಅಥವಾ ದುಭಾಷಿಯ ಸಮ್ಮುಖದಲ್ಲಿ, ವಿಡಿಯೊ ಚಿತ್ರೀಕರಣದೊಂದಿಗೆ ಪೊಲೀಸರು ಹೇಳಿಕೆ ಪಡೆಯಬೇಕು ಎನ್ನುತ್ತದೆ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅವಳ ಮಾತು ಯಾರು ನಂಬುತ್ತಾರೆ ಎಂದು ಯಾರಾದರೂ ಹೇಳಿದರೆ ಈ ನಿಯಮ ತೋರಿಸಿ.

ಗರ್ಭದ ವಿಷಯದಲ್ಲೂ ಆಕೆಯ ಮಾತೇ ಮುಖ್ಯ. ಚಂಡೀಗಢದ ಸರ್ಕಾರಿ ಗೃಹದಲ್ಲಿ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದ ಅನಾಥ ಯುವತಿಯೊಬ್ಬಳಿಗೆ ಗರ್ಭಪಾತ ಮಾಡಿಸಲು ಆಡಳಿತ ಅನುಮತಿ ಕೇಳಿತು, ಹೈಕೋರ್ಟ್ ಕೊಟ್ಟಿತು. ಆದರೆ ಆಕೆಗೆ ಮಗು ಬೇಕಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಅದನ್ನು ತಡೆದು, ಬೌದ್ಧಿಕ ವೈಕಲ್ಯವಿರುವ ವಯಸ್ಕ ಮಹಿಳೆಯ ಒಪ್ಪಿಗೆಯಿಲ್ಲದೆ ಗರ್ಭಪಾತ ಸಲ್ಲದು ಎಂದಿತು. ಮದುವೆಯಲ್ಲೂ ಆಕೆಯ ಮಾತೇ ಮುಖ್ಯ. ಮದುವೆ ಮಾಡಿದರೆ ಸರಿಹೋಗುತ್ತದೆಂದು ಜವಾಬ್ದಾರಿ ದಾಟಿಸಬೇಡಿ. ಆಕೆಯೇ ಬಯಸಿದರೆ ನಗಬೇಡಿ.

ಹಣ, ಆಸ್ತಿ, ಸಹಿ

ಮೊದಲು ಆಧಾರ್ ವಿಳಾಸ ಬದಲಿಸಿ, ಪಡಿತರ ಚೀಟಿಗೆ ಹೆಸರು ಸೇರಿಸಿ. ಯುಡಿಐಡಿ ಇಲ್ಲದಿದ್ದರೆ ಅರ್ಜಿ ಹಾಕಿ, ಅಂಗವಿಕಲರ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈ ಓಡಾಟದಲ್ಲಿ ಜೊತೆಗೂಡಬೇಕಾದವರು. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ, ಹೊರರೋಗಿ ಚಿಕಿತ್ಸೆ ಮತ್ತು ಥೆರಪಿಯೂ ಸೇರಿ. ತಂದೆಯೋ ತಾಯಿಯೋ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದು ತೀರಿಕೊಂಡಿದ್ದರೆ, ದುಡಿದು ಬದುಕಲಾಗದ ಮಗಳಿಗೆ ಜೀವನಪೂರ್ತಿ ಕುಟುಂಬ ಪಿಂಚಣಿಯಿದೆ. ಇದು ಗೊತ್ತಿಲ್ಲದೆಯೇ ಎಷ್ಟೋ ಹೆಣ್ಣುಮಕ್ಕಳನ್ನು ಹೊರೆಯೆಂದು ಬಗೆದು ದೂರ ಇಟ್ಟಿದ್ದಾರೆ.

ಆಸ್ತಿಯ ಮಾತು ಯಾರಿಗೂ ಇಷ್ಟವಾಗದು, ಆದರೂ ಆಡಲೇಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 28ರ ಪ್ರಕಾರ ವೈಕಲ್ಯದ ಕಾರಣಕ್ಕೆ ಯಾರ ಪಾಲೂ ತಪ್ಪುವುದಿಲ್ಲ. 2005ರ ತಿದ್ದುಪಡಿಯ ಬಳಿಕ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಆಕೆ ಆಶ್ರಮದಲ್ಲಿದ್ದಾಗ ಆಕೆಯನ್ನು ಬಿಟ್ಟು ವಿಭಾಗ ಪತ್ರ ಮಾಡಿಕೊಂಡಿದ್ದರೆ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ತೋರಿಸಿ.

ಸಂಸ್ಥೆಯಿಂದ ಹೊರಬರಲು ಪಾಲಕತ್ವ ಪತ್ರ ಬೇಕೇ ಬೇಕು ಎಂದು ಕೆಲವು ಕಡೆ ಹೇಳುತ್ತಾರೆ. 2016ರ ಕಾಯ್ದೆಯಲ್ಲಿ ಅಂಥ ಷರತ್ತಿಲ್ಲ. ಬ್ಯಾಂಕ್ ಅಥವಾ ಆಸ್ತಿ ವ್ಯವಹಾರಕ್ಕೆ ನಿಜಕ್ಕೂ ಬೇಕಾದರೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು. ಪಾಲಕರಾದವರು ಆರು ತಿಂಗಳೊಳಗೆ ಆಕೆಯ ಆಸ್ತಿಯ ಪಟ್ಟಿಯನ್ನು, ಆಮೇಲೆ ಪ್ರತಿ ವರ್ಷ ಲೆಕ್ಕವನ್ನು ಒಪ್ಪಿಸಬೇಕು. ದುರುಪಯೋಗವಾದರೆ ಸಮಿತಿ ಪಾಲಕರನ್ನು ತೆಗೆಯಬಹುದು. ನನ್ನ ಸಲಹೆ, ಅಗತ್ಯವಿಲ್ಲದಿದ್ದರೆ ಆ ದಾರಿಗೆ ಹೋಗಬೇಡಿ. ತಿಂಗಳಿಗೆ ಒಂದಿಷ್ಟು ನೋಟು ಆಕೆಯ ಕೈಯಲ್ಲೇ ಇರಲಿ, ಹತ್ತು ರೂಪಾಯಿಗೆ ಏನು ಬರುತ್ತದೆಂದು ಅಂಗಡಿಯಲ್ಲೇ ಕಲಿಯಲಿ, ಕಳೆದುಕೊಂಡರೂ ಪರವಾಗಿಲ್ಲ. ಮತದಾರರ ಪಟ್ಟಿಗೂ ಹೆಸರು ಸೇರಿಸಿ. ನ್ಯಾಯಾಲಯವೇ ಬುದ್ಧಿಸ್ವಾಸ್ಥ್ಯವಿಲ್ಲವೆಂದು ಘೋಷಿಸದ ಹೊರತು ಆಕೆಯ ಮತವನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ.

ಮನೆಯೇ ಇಲ್ಲದವರಿಗೆ

ತಂದೆ ತಾಯಿ ತೀರಿಹೋಗಿರುತ್ತಾರೆ, ಒಡಹುಟ್ಟಿದವರು ಬಾಗಿಲು ಮುಚ್ಚುತ್ತಾರೆ, ಅಥವಾ ಆಕೆಗೇ ಆ ಮನೆ ಬೇಡವಾಗಿರುತ್ತದೆ. ಹಾಗಿದ್ದರೂ ಸಂಸ್ಥೆಯೊಂದೇ ಗತಿಯಲ್ಲ. ಚೆನ್ನೈನ ‘ದಿ ಬ್ಯಾನಿಯನ್’ ಸಂಸ್ಥೆಯನ್ನು ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ 1993ರಲ್ಲಿ ಬೀದಿಪಾಲಾದ ಮಾನಸಿಕ ಅಸ್ವಸ್ಥ ಮಹಿಳೆಯರಿಗಾಗಿ ಕಟ್ಟಿದರು. ಅಲ್ಲಿ ವರ್ಷಗಟ್ಟಲೆ ಉಳಿದವರಿಗಾಗಿ 2015ರಲ್ಲಿ ‘ಹೋಮ್ ಎಗೇನ್’ ಶುರುವಾಯಿತು. ಊರಿನೊಳಗೆ ಸಾಮಾನ್ಯ ಬಾಡಿಗೆ ಮನೆ, ಒಟ್ಟಿಗಿರಲು ತಾವೇ ಒಪ್ಪಿಕೊಂಡ ನಾಲ್ಕೈದು ಹೆಂಗಸರು, ನೆರವಿಗೆ ಅದೇ ಸುತ್ತಮುತ್ತಲಿನ ಕಾರ್ಯಕರ್ತೆ. ಮಾರುಕಟ್ಟೆಗೆ ಹೋಗುತ್ತಾರೆ, ಅಡುಗೆ ಮಾಡುತ್ತಾರೆ, ಜಗಳವಾಡುತ್ತಾರೆ, ಹಬ್ಬ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಮಾರ್ಗಸೂಚಿಯಲ್ಲಿ ಇದನ್ನು ಒಳ್ಳೆಯ ಮಾದರಿಗಳ ಸಾಲಿನಲ್ಲಿ ಸೇರಿಸಿತು.

ವೈಕಲ್ಯ ತೀವ್ರವಾಗಿದ್ದರೆ ಇದೆಲ್ಲ ನಡೆಯುವುದಿಲ್ಲ ಎನ್ನುವವರಿಗೆ ಅಮೆರಿಕದ ಪೆನ್ಸಿಲ್ವೇನಿಯಾದ ಪೆನ್‌ಹರ್ಸ್ಟ್ ಸಂಸ್ಥೆಯ ಅನುಭವ ಉತ್ತರವಾಗಬಹುದು. ನ್ಯಾಯಾಲಯದ ತೀರ್ಪಿನ ಬಳಿಕ ಅದು 1987ರಲ್ಲಿ ಮುಚ್ಚಿತು. ಹೊರಗೆ ಹೋಗಿ ಸಣ್ಣ ಮನೆಗಳಲ್ಲಿ ನೆಲೆಸಿದವರನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ತೀವ್ರ ವೈಕಲ್ಯವಿದ್ದವರೂ ಹೊಸ ಕೌಶಲಗಳನ್ನು ಕಲಿತಿದ್ದರು. ಮೊದಲು ಗಟ್ಟಿಯಾಗಿ ವಿರೋಧಿಸಿದ್ದ ಕುಟುಂಬಗಳಲ್ಲಿ ಹೆಚ್ಚಿನವು ಆಮೇಲೆ ಒಪ್ಪಿಕೊಂಡವು.

ನಮ್ಮ ಊರುಗಳಲ್ಲಿ ಇಂಥ ಮನೆ ತೆರೆಯಲು ಮನಸ್ಸಿರುವ ಮಹಿಳಾ ಸಂಘಗಳು, ಪೋಷಕರ ಒಕ್ಕೂಟಗಳು ರಾಷ್ಟ್ರೀಯ ನ್ಯಾಸದಲ್ಲಿ ನೋಂದಣಿ ಮಾಡಿಸಿ ‘ಘರೌಂದಾ’ ಯೋಜನೆಗೆ ಅರ್ಜಿ ಹಾಕಬಹುದು. ವಯಸ್ಕರ ಗುಂಪು ಮನೆಗಳಿಗಾಗಿಯೇ ಇರುವ ಯೋಜನೆ ಅದು. ಸರ್ಕಾರಿ ವಸತಿ ಹಂಚಿಕೆಯಲ್ಲಿ ಅಂಗವಿಕಲರಿಗೆ ಶೇ 5 ಮೀಸಲು, ಅದರಲ್ಲೂ ಮಹಿಳೆಯರಿಗೆ ಆದ್ಯತೆ ಎಂದು 2016ರ ಕಾಯ್ದೆಯ ಸೆಕ್ಷನ್ 37 ಹೇಳುತ್ತದೆ. ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಿ. ಬಾಡಿಗೆ ಮನೆ ನೋಡುವಾಗ ಆಸ್ಪತ್ರೆ, ಬಸ್ ನಿಲ್ದಾಣ, ಅಂಗಡಿ ನಡೆದು ಹೋಗುವಷ್ಟು ಹತ್ತಿರವಿರಲಿ. ಐದಾರು ಜನರಿಗಿಂತ ಹೆಚ್ಚು ಸೇರಿಸಬೇಡಿ, ಹೆಚ್ಚಾದರೆ ಮತ್ತೆ ಗಂಟೆ ಬಾರಿಸಿ ಊಟಕ್ಕೆ ಕೂರಿಸಬೇಕಾಗುತ್ತದೆ. ಬಾಡಿಗೆ ಕರಾರಿನಲ್ಲಿ ಅಲ್ಲಿ ವಾಸಿಸುವ ಹೆಂಗಸರ ಹೆಸರುಗಳೇ ಇರಲಿ. ಮನೆಯ ಕೀಲಿಯನ್ನು ಒಬ್ಬೊಬ್ಬರಿಗೂ ಒಂದೊಂದು ಮಾಡಿಸಿಕೊಡಿ.